ಸ್ಕೂಟರಿನ ‘ಸ್ಲೋ’ ನಿಲ್ಲದಿದ್ದಾಗ

ನಿಮ್ಮ ಮನೆಯಲ್ಲಿ ಒಂದು ಹಳೆಯ ಸ್ಕೂಟರು ಇದೆಯೆಂದು ಭಾವಿಸಿಕೊಂಡು ಈ ಮಾತನ್ನು ಪ್ರಾರಂಭಿಸುತ್ತೇನೆ. ನಿಮ್ಮಲ್ಲಿ ಇಲ್ಲದಿದ್ದರೆ ನೆರೆಮನೆಯಲ್ಲಾದರೂ ಇದ್ದೀತು. ಬೆಳಗ್ಗೆ ಅದನ್ನು ಒದ್ದು ಒದ್ದು ಸೋತ ಯಜಮಾನರ ನಿಟ್ಟುಸಿರು ಕಾಂಪೌಂಡು ಗೋಡೆಯ ಈಚೆಗೆ ನಿಮಗೆ ಕೇಳಿಸಿರಲೂಬಹುದು. ಹೇಗೋ ಎಂಜಿನ್ನು ಹೊತ್ತಿಕೊಳ್ಳುತ್ತದೆ. ಕೈಹಿಡಿಯನ್ನು ತಿರುಗಿಸಿ ಹಿಡಿದಿರುವವರೆಗೂ ಆರ್ಭಟಿಸುತ್ತದೆ. ಬಿಟ್ಟೊಡನೆ ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಯಜಮಾನರು ಮತ್ತೆ ಒದೆಯುತ್ತಾರೆ. ಕಚೇರಿಗೆ ಹೊತ್ತಾಗುತ್ತದೆ.

ಕೈಹಿಡಿ ಬಿಟ್ಟ ಮೇಲೂ ಎಂಜಿನ್ನು ತನ್ನಷ್ಟಕ್ಕೆ ನಿಧಾನವಾಗಿ ತಿರುಗುತ್ತಿರುವ ಸ್ಥಿತಿಗೆ ಪುಸ್ತಕದಲ್ಲಿ ‘ಐಡ್ಲಿಂಗ್’ ಎಂದು ಹೆಸರು. ನಮ್ಮ ಗ್ಯಾರೇಜುಗಳಲ್ಲಿ ಅದನ್ನು ‘ಸ್ಲೋ’ ಎನ್ನುತ್ತಾರೆ. ‘ಸ್ಲೋ ನಿಲ್ತಾ ಇಲ್ಲ ಸಾರ್, ಕಾರ್ಬ್ಯುರೇಟರ್ ಕ್ಲೀನ್ ಮಾಡ್ಬೇಕು’ ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಪುಸ್ತಕದ ಮಾತಿಗಿಂತ ಇದೇ ನನಗೆ ಹಿತವಾಗಿ ತೋರುವುದರಿಂದ ನಾನೂ ಇದನ್ನೇ ಬಳಸುತ್ತೇನೆ.

ಎಲ್ಲ ಸ್ಕೂಟರುಗಳನ್ನೂ ಕುರಿತು ಒಟ್ಟಿಗೆ ಹೇಳಹೊರಟರೆ ಯಾವುದನ್ನೂ ಹೇಳಿದಂತಾಗುವುದಿಲ್ಲ. ಇಟಲಿಯಲ್ಲಿ 1946ರಲ್ಲಿ ವೆಸ್ಪಾ ಹುಟ್ಟಿತು. ಮರುವರ್ಷ ಮಿಲಾನಿನ ಇನ್ನೊಚೆಂಟಿಯವರ ಲ್ಯಾಂಬ್ರೆಟಾ ಬಂದಿತು. ಎರಡೂ ನಮ್ಮ ದೇಶಕ್ಕೆ ಬಂದು ನೆಲೆಸಿದುವು. ಲ್ಯಾಂಬ್ರೆಟಾ ಮುಂಬಯಿಯಲ್ಲಿಯೂ, ಮುಂದೆ ವಿಜಯ್ ಸೂಪರ್ ಎಂಬ ಹೆಸರಿನಿಂದ ಲಕ್ನೋದಲ್ಲಿಯೂ ತಯಾರಾಯಿತು. ವೆಸ್ಪಾ ಪುಣೆಯ ಬಜಾಜ್ ಕಾರ್ಖಾನೆಯಲ್ಲಿ ಬೆಳೆಯಿತು. ಇಟಲಿಯವರೊಡನೆ ಒಪ್ಪಂದ 1971ರಲ್ಲಿ ಮುಗಿದ ಮೇಲೆ, 1972ರಲ್ಲಿ ಅದೇ ವಂಶದ ಸ್ಕೂಟರು ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು ‘ಚೇತಕ್’ ಆಯಿತು. ಈ ವಂಶದ ಎರಡು ಸ್ಟ್ರೋಕಿನ ಹಳೆಯ ಗಾಡಿಯೇ ನನ್ನ ಇಂದಿನ ವಿಷಯ. 2020ರಲ್ಲಿ ಮಾರಾಟಕ್ಕೆ ಬಂದ ವಿದ್ಯುತ್ ಚೇತಕ್ ಬೇರೆ. ಅದಕ್ಕೆ ಕಾರ್ಬ್ಯುರೇಟರೂ ಇಲ್ಲ, ಕೆಮ್ಮೂ ಇಲ್ಲ. ಅದರ ಮಾಲೀಕರು ಈ ಹದಿನೈದು ನಿಮಿಷ ಕಾಫಿ ಕುಡಿಯಬಹುದು.

ಕಾರ್ಬ್ಯುರೇಟರು ಮಾಡುವ ಕೆಲಸ ಅಡಿಗೆಯವನ ಕೆಲಸ. ಗಾಳಿಯನ್ನೂ ಪೆಟ್ರೋಲನ್ನೂ ತಕ್ಕ ಪ್ರಮಾಣದಲ್ಲಿ ಬೆರಸಿ ಕಳುಹಿಸಬೇಕು. ಪಿಸ್ಟನ್ನು ಮೇಲಕ್ಕೆ ಹೋದಾಗ ಕೆಳಗಿನ ಕ್ರ್ಯಾಂಕ್ ಕೋಣೆಯಲ್ಲಿ ಒತ್ತಡ ಕುಗ್ಗುತ್ತದೆ. ಆ ಸೆಳೆತಕ್ಕೆ ಗಾಳಿ ಕಾರ್ಬ್ಯುರೇಟರಿನ ಮೂಲಕ ಒಳನುಗ್ಗುತ್ತದೆ, ದಾರಿಯಲ್ಲಿ ಪೆಟ್ರೋಲನ್ನು ಹೀರಿಕೊಂಡು ಹೋಗುತ್ತದೆ. ನೀವು ಕೈಹಿಡಿಯನ್ನು ಪೂರ್ತಿ ಬಿಟ್ಟಾಗ ದೊಡ್ಡ ದಾರಿಗೆ ಅಡ್ಡವಾಗಿ ಒಂದು ತಗಡಿನ ಬಾಗಿಲು ಬೀಳುತ್ತದೆ. ಆಗ ದೊಡ್ಡ ಜೆಟ್ಟಿಗೆ ಕೆಲಸವಿಲ್ಲ. ಎಂಜಿನ್ನನ್ನು ಜೀವಂತವಾಗಿಡುವ ಭಾರವೆಲ್ಲ ಸ್ಲೋ ಜೆಟ್ಟು ಎಂಬ ಒಂದು ಹಿತ್ತಾಳೆಯ ಚೂರಿನ ಮೇಲೆ ಬೀಳುತ್ತದೆ. ಅದರ ತಲೆಯ ಮೇಲೆ 42, 45, 50 ಎಂಬಂಥ ಅಂಕಿ ಇರುತ್ತದೆ. ಇದು ಮಿಲಿಮೀಟರಿನ ನೂರನೆಯ ಭಾಗದ ಲೆಕ್ಕ. 45 ಎಂದರೆ ತೂತಿನ ಅಗಲ ಮಿಲಿಮೀಟರಿನ ಅರ್ಧಕ್ಕಿಂತಲೂ ಕಡಿಮೆ. ಇಷ್ಟು ಸಣ್ಣ ತೂತಿಗೆ ಒಂದು ಕಣ ರಾಗಿಹಿಟ್ಟಿನಂಥ ಕಸ ಸಾಕು.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಎರಡು ಸ್ಟ್ರೋಕಿನ ಎಂಜಿನ್ನು ಸ್ಲೋದಲ್ಲಿ ಗಡಿಯಾರದಂತೆ ಓಡುವುದಿಲ್ಲ. ಬಾಗಿಲು ಮುಚ್ಚಿದಾಗ ಹೊಸ ಮಿಶ್ರಣ ಸ್ವಲ್ಪವೇ ಬರುತ್ತದೆ, ಸುಟ್ಟ ಹೊಗೆ ಸಿಲಿಂಡರಿನಲ್ಲಿ ಬೇಕಾದಷ್ಟು ಉಳಿದಿರುತ್ತದೆ. ಆದುದರಿಂದ ಒಂದೊಂದು ಸುತ್ತು ಕಿಡಿ ಬಿದ್ದರೂ ಉರಿ ಹತ್ತುವುದಿಲ್ಲ. ‘ಟಕ್ ಟಕ್, ಟಕ್, ಟಕ್ ಟಕ್’ ಎಂಬ ಆ ಎಡವುನಡೆ ಅದರ ಹುಟ್ಟುಗುಣ. ಅದನ್ನು ರೋಗವೆಂದು ತಿಳಿದು ಮದ್ದು ಮಾಡುವ ಉತ್ಸಾಹಿಗಳು, ಚೆನ್ನಾಗಿದ್ದ ಗಾಡಿಯನ್ನು ಹಾಸಿಗೆ ಹಿಡಿಸುವುದುಂಟು. ನಿಂತುಹೋಗುವುದು, ತಾನಾಗಿಯೇ ಏರುವುದು, ಬಿಸಿಯಾದಾಗೊಂದು ತಣ್ಣಗಿರುವಾಗೊಂದು ಬಗೆಯಾಗಿ ವರ್ತಿಸುವುದು, ಇವು ರೋಗದ ಲಕ್ಷಣಗಳು.

ಈ ಲಕ್ಷಣಗಳನ್ನು ಅಲಕ್ಷ್ಯ ಮಾಡಿದರೆ ಏನಾಗುತ್ತದೆಂಬುದನ್ನು ನಾನು ಪರರ ಅನುಭವದಿಂದ ಕಲಿಯಲಿಲ್ಲ. ನಮ್ಮ ಮನೆಯ ಚೇತಕ್ ತಂದೆಯವರು ಕಾದು ಕುಳಿತು ಪಡೆದದ್ದು. ಆ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದಿತು. ಮಗುವಿನ ನಾಮಕರಣಕ್ಕೆ ಹೆಸರು ಬರೆಸಿದ ಗಾಡಿ ಅದು ಶಾಲೆಗೆ ಸೇರುವಾಗ ಬಂದರೆ ಪುಣ್ಯ. ಅವರ ತರುವಾಯ ಅದು ನನ್ನ ಕೈಗೆ ಬಂದಿತು. ಒಂದು ಚಳಿಗಾಲ ಬೆಳಗಿನ ಹೊತ್ತು ಸ್ಲೋ ನಿಲ್ಲದಾಯಿತು. ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಸ್ಲೋ ಸ್ಕ್ರೂವನ್ನು ಅರ್ಧ ಸುತ್ತು ಒಳಕ್ಕೆ ತಿರುಗಿಸಿದೆ. ಎಂಜಿನ್ನು ನಿಂತಿತು, ಅಂದರೆ ಆರದೆ ನಿಂತಿತು. ವಾರ ಕಳೆದ ಮೇಲೆ ಮತ್ತೆ ಕಾಲು ಸುತ್ತು. ಬಿಸಿಯಾದ ಮೇಲೆ ಕೈಹಿಡಿ ಬಿಟ್ಟರೂ ವೇಗ ಇಳಿಯದೆ ಒಂದೆರಡು ಗಳಿಗೆ ಏರಿಯೇ ಇರುತ್ತಿತ್ತು. ಕುದುರೆ ಚುರುಕಾಯಿತೆಂದು ನಾನು ಹೆಮ್ಮೆಪಟ್ಟೆ.

ಒಂದು ಭಾನುವಾರ ಮಗಳನ್ನು ಹಿಂದೆ ಕೂಡಿಸಿಕೊಂಡು ಮದ್ದೂರು ದಾಟಿ ಮಂಡ್ಯದ ಕಡೆಗೆ ಹೋಗುತ್ತಿದ್ದೆ. ಅವಳಿಗೆ ಆಗ ಹನ್ನೊಂದು ವರ್ಷ. ನೇರವಾದ ರಸ್ತೆ, ಒಂದೇ ವೇಗ. ಎಂಜಿನ್ನಿನ ಸ್ವರ ಇದ್ದಕ್ಕಿದ್ದಂತೆ ತೆಳ್ಳಗಾಯಿತು. ನಾನು ಏನೆಂದು ಆಲೋಚಿಸುವ ಮೊದಲೇ ‘ಕಿರ್’ ಎಂದು ಹಿಂದಿನ ಚಕ್ರ ಕಚ್ಚಿಕೊಂಡಿತು. ಗಾಡಿ ಅಡ್ಡಡ್ಡಲಾಗಿ ಜಾರಿತು. ಕ್ಲಚ್ಚನ್ನು ಹಿಡಿದದ್ದು ನನ್ನ ಬುದ್ಧಿಯಲ್ಲ, ಕೈಯ ಅಭ್ಯಾಸ; ಹಿಡಿದೊಡನೆ ಚಕ್ರ ಬಿಟ್ಟುಕೊಂಡಿತು. ಹಿಂದೆ ಬರುತ್ತಿದ್ದ ಬಸ್ಸು ಸಾಕಷ್ಟು ದೂರದಲ್ಲಿತ್ತು. ಮಗಳ ಎಡ ಮೊಣಕೈ ಮಾತ್ರ ತರಚಿತು. ಆದರೆ ಮುಂದೆ ಎರಡು ವರ್ಷ ಅವಳು ಆ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂಡಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಎಂಜಿನ್ನು ಬಿಚ್ಚಿದಾಗ ಕಾರಣ ತಿಳಿಯಿತು. ಫ್ಲೈವೀಲಿನ ಕಡೆಯ ಆಯಿಲ್ ಸೀಲಿನ ರಬ್ಬರು ತುಟಿ ಒಣಗಿ ಗಟ್ಟಿಯಾಗಿತ್ತು. ಅಲ್ಲಿಂದ ಕಳ್ಳಗಾಳಿ ಕ್ರ್ಯಾಂಕ್ ಕೋಣೆಗೆ ಹೋಗುತ್ತಿತ್ತು. ಕಾರ್ಬ್ಯುರೇಟರನ್ನು ಹಾದು ಬಾರದ ಗಾಳಿಯಲ್ಲಿ ಪೆಟ್ರೋಲಿಲ್ಲ. ಮಿಶ್ರಣ ತೆಳ್ಳಗಾಗಿ ಎಂಜಿನ್ನು ಅತಿಯಾಗಿ ಕಾಯುತ್ತದೆ. ಅಷ್ಟೇ ಅಲ್ಲ, ಈ ಗಾಡಿಗಳಿಗೆ ಎಣ್ಣೆ ಬರುವುದೂ ಪೆಟ್ರೋಲಿನ ಜೊತೆಯಲ್ಲಿಯೇ. ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಕಾವು ಹೆಚ್ಚಿ ಎಣ್ಣೆ ತಗ್ಗಿದ ಪಿಸ್ಟನ್ನು ಸಿಲಿಂಡರನ್ನು ಕಚ್ಚಿ ಹಿಡಿಯದೆ ಏನು ಮಾಡೀತು? ಎಂಜಿನ್ನು ತನ್ನ ಸಂಕಟವನ್ನು ಸ್ಲೋದ ಮೂಲಕ ಒಂದು ತಿಂಗಳಿನಿಂದ ಹೇಳುತ್ತಲೇ ಇತ್ತು. ನಾನು ಸ್ಕ್ರೂ ತಿರುಗಿಸಿ ಅದರ ಬಾಯಿ ಮುಚ್ಚಿಸಿದ್ದೆ.

ಆದುದರಿಂದ ಸ್ಲೋ ಕೆಟ್ಟಾಗ ಸ್ಕ್ರೂಡ್ರೈವರಿಗೆ ಕೈಹಾಕುವುದು ಕಡೆಯ ಕೆಲಸವಾಗಲಿ. ಮೊದಲು ಕಾರ್ಬ್ಯುರೇಟರಿನ ಮೇಲೆ ಬರುವ ಸುಳ್ಳು ಆಪಾದನೆಗಳನ್ನು ತೊಡೆದುಹಾಕಿರಿ. ಪ್ಲಗ್ಗನ್ನು ಬಿಚ್ಚಿ ನೋಡಿರಿ: ಕಾಫಿಪುಡಿಯ ಕಂದುಬಣ್ಣ ಒಳ್ಳೆಯದು, ಒದ್ದೆ ಕಪ್ಪು ಇದ್ದರೆ ಮಿಶ್ರಣ ದಪ್ಪ ಅಥವಾ ಕಿಡಿ ಬಡವಾಗಿದೆ, ಸುಣ್ಣದಂತೆ ಬಿಳಿಚಿಕೊಂಡಿದ್ದರೆ ತೆಳುವು, ಅಪಾಯ. ತುದಿಗಳ ನಡುವಣ ಅಂತರ ಸುಮಾರು 0.6 ಮಿಲಿಮೀಟರು ಇರಬೇಕು. ಪಾಯಿಂಟು ಇರುವ ಹಳೆಯ ಮಾದರಿಯಾದರೆ ಅದು ಸವೆದಿಲ್ಲವೆಂದು ನೋಡಿಕೊಳ್ಳಿರಿ. ಎಂಜಿನ್ನು ಓಡುತ್ತಿರುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ತಿರುಗಿಸಿ. ವೇಗ ಏರಿಳಿದರೆ ತಪ್ಪು ಬಿಗಿಯಾದ ಕೇಬಲಿನದು. ಸೈಲೆನ್ಸರು ಮಸಿ ಕಟ್ಟಿಕೊಂಡಿದ್ದರೂ ಸ್ಲೋ ಉಸಿರುಕಟ್ಟುತ್ತದೆ. ಇಷ್ಟಕ್ಕೆ ಅರ್ಧ ಗಂಟೆ ಸಾಕು.

ಈಗ ಒಂದು ಸಣ್ಣ ಪರೀಕ್ಷೆ. ಬಿಸಿಯಾದ ಎಂಜಿನ್ನು ಎಡವುತ್ತ ಓಡುತ್ತಿರುವಾಗ ಚೋಕನ್ನು ಸ್ವಲ್ಪವೇ ಎಳೆಯಿರಿ. ನಡೆ ಸುಧಾರಿಸಿದರೆ ಪೆಟ್ರೋಲು ಸಾಲದೆ ಬಳಲುತ್ತಿದೆ: ಜೆಟ್ಟು ಕಟ್ಟಿದೆ, ಇಲ್ಲವೆ ಕಳ್ಳಗಾಳಿ ಬರುತ್ತಿದೆ. ನಡೆ ಇನ್ನೂ ಕೆಟ್ಟು ಆರಿಹೋದರೆ ಪೆಟ್ರೋಲು ಈಗಾಗಲೇ ಹೆಚ್ಚು: ಫ್ಲೋಟಿನ ಸೂಜಿ ಸರಿಯಾಗಿ ಮುಚ್ಚುತ್ತಿಲ್ಲ, ಫ್ಲೋಟು ತೂತಾಗಿದೆ, ಇಲ್ಲವೆ ಚೋಕೇ ಪೂರ್ತಿ ಕೂಡುತ್ತಿಲ್ಲ. ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡುವವರು ಏಕೆ ಇಷ್ಟು ಕಡಿಮೆಯೋ ನಾನು ಕಾಣೆ.

ಕಾರ್ಬ್ಯುರೇಟರನ್ನು ಬಿಚ್ಚುವುದಾದರೆ ಮನೆಯ ಹೊರಗೆ, ಗಾಳಿಯಾಡುವ ಕಡೆ ಮಾಡಿರಿ. ಅಡಿಗೆಮನೆಯ ಬಾಗಿಲಲ್ಲಿ ಬೇಡ. ದೇವರ ದೀಪ, ಊದಿನಕಡ್ಡಿ, ಬೀಡಿ ಸಿಗರೇಟು ಯಾವುದೂ ಹತ್ತಿರವಿರಬಾರದು. ಮೊದಲು ಪೆಟ್ರೋಲ್ ನಲ್ಲಿಯನ್ನು ಮುಚ್ಚಿರಿ. ಎಂಜಿನ್ನಿನ ಕಡೆಯ, ಎಂದರೆ ಬಲಗಡೆಯ ಡೊಪ್ಪೆಯನ್ನು ತೆಗೆದರೆ ಕಾರ್ಬ್ಯುರೇಟರು ಒಂದು ತಗಡಿನ ಪೆಟ್ಟಿಗೆಯಲ್ಲಿ ಕುಳಿತಿರುವುದು ಕಾಣುತ್ತದೆ. ಮುಚ್ಚಳ ತೆಗೆದು, ಗಾಳಿಸೋಸುಕವನ್ನು ಎತ್ತಿದರೆ ಮೇಲಿನಿಂದ ಎರಡು ಹಿತ್ತಾಳೆಯ ತಲೆಗಳು ಕಾಣಿಸುತ್ತವೆ. ದೊಡ್ಡದು ಮೇನ್ ಜೆಟ್ಟಿನ ಗೊಂಚಲು. ಸಣ್ಣದೇ ನಮ್ಮ ಸ್ಲೋ ಜೆಟ್ಟು. ಅನೇಕ ಸಲ ಇಡೀ ಕಾರ್ಬ್ಯುರೇಟರನ್ನು ಇಳಿಸಬೇಕಾಗಿಯೇ ಇಲ್ಲ. ಈ ಸಣ್ಣದೊಂದನ್ನು ಬಿಚ್ಚಿ ತೊಳೆದರೆ ಗಾಡಿ ಸರಿಹೋಗುತ್ತದೆ. ತಕ್ಕ ಅಗಲದ ಸ್ಕ್ರೂಡ್ರೈವರು ಉಪಯೋಗಿಸಿರಿ, ಹಿತ್ತಾಳೆ ಮೆತು.

ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿರಿ. ತೂತು ದುಂಡಗೆ ಹೊಳೆಯಬೇಕು. ಕಟ್ಟಿದ್ದರೆ ಪೆಟ್ರೋಲಿನಲ್ಲಿ ನೆನೆಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ಹಲ್ಲುಜ್ಜುವ ಬ್ರಷ್ಷಿನ ಒಂದು ಎಳೆಯನ್ನು ತೂರಿಸಬಹುದು. ಗುಂಡುಸೂಜಿ, ತಂತಿ ಬೇಡವೇ ಬೇಡ. ಉಕ್ಕಿನ ಸೂಜಿ ತೂತನ್ನು ಕೂದಲಿನಷ್ಟು ಅಗಲಿಸಿದರೂ 45ರ ಜೆಟ್ಟು 50ರದಾಗುತ್ತದೆ. ಆಮೇಲೆ ಯಾವ ಸ್ಕ್ರೂ ತಿರುಗಿಸಿದರೂ ಸಮಾಧಾನವಿಲ್ಲ. ಜೆಟ್ಟು ಕುಳಿತಿದ್ದ ಗುಣಿಯೊಳಕ್ಕೂ, ಮಿಶ್ರಣದ ಸ್ಕ್ರೂ ಇದ್ದ ತೂತಿನೊಳಕ್ಕೂ ಗಾಳಿ ಹೊಡೆಯಿರಿ. ಪೆಟ್ರೋಲ್ ಕೊಳವೆ ಕಾರ್ಬ್ಯುರೇಟರಿಗೆ ಸೇರುವೆಡೆ ಒಂದು ಪುಟ್ಟ ಜಾಲರಿ ಇರುತ್ತದೆ, ಅದನ್ನು ಮರೆಯುವವರೇ ಹೆಚ್ಚು. ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿರಿ. ಎಳನೀರಿನಂತೆ ಒಳಗೆ ಸದ್ದಾದರೆ ಅದರ ಆಯುಸ್ಸು ಮುಗಿಯಿತು.

ಈ ಕೊಳೆ ಎಲ್ಲಿಂದ ಬರುತ್ತದೆಂದು ಕೇಳಬಹುದು. ಗಾಡಿ ಹದಿನೈದು ದಿನ ನಿಂತರೆ ಬಟ್ಟಲಿನಲ್ಲಿರುವ ಪೆಟ್ರೋಲು ಆರಿಹೋಗುತ್ತದೆ, ಅದರೊಡನಿದ್ದ ಎಣ್ಣೆ ಮಾತ್ರ ಅಂಟಾಗಿ ಉಳಿಯುತ್ತದೆ. ಈಗ ಇದಕ್ಕೆ ಮತ್ತೊಂದು ಸೇರಿದೆ. 2023ರಿಂದೀಚೆಗೆ ನಮ್ಮ ಬಂಕುಗಳಿಗೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆತ ಪೆಟ್ರೋಲು ಬರತೊಡಗಿತು. ಕಬ್ಬಿನಿಂದಲೂ ಧಾನ್ಯದಿಂದಲೂ ತೆಗೆಯುವ ಈ ಮದ್ಯಸಾರ ರೈತರಿಗೆ ಅನುಕೂಲವಿರಬಹುದು. ನಮ್ಮ ಹಳೆಯ ಗಾಡಿಯ ರಬ್ಬರಿಗೆ ಅದರ ಸಹವಾಸ ಹಿಡಿಸುವುದಿಲ್ಲ. ಹಳೆಯ ಕೊಳವೆ ಮೆತ್ತಗಾಗಿ ಒಳಗಿಂದ ಉದುರುತ್ತದೆ. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ; ನೀರು ಮಿತಿಮೀರಿದರೆ ಅದನ್ನು ಕೂಡಿಕೊಂಡು ಟ್ಯಾಂಕಿನ ತಳಕ್ಕಿಳಿಯುತ್ತದೆ. ಜೊತೆಗೆ ಅದರಲ್ಲಿಯೇ ಆಮ್ಲಜನಕವಿರುವುದರಿಂದ ಹಿಂದಿನ ಜೆಟ್ಟಿನಲ್ಲಿ ಮಿಶ್ರಣ ಕೊಂಚ ತೆಳುವಾಗುತ್ತದೆ. ಇದಕ್ಕಾಗಿ ಗಾಬರಿ ಬೇಡ. ಎಥನಾಲಿಗೆ ತಡೆಯುವ ಹೊಸ ಕೊಳವೆ ಹಾಕಿಸಿ. ಗಾಡಿಯನ್ನು ನಿಲ್ಲಿಸುವಾಗ ನಲ್ಲಿ ಮುಚ್ಚಿ, ಬಟ್ಟಲು ಬರಿದಾಗಿ ಎಂಜಿನ್ನು ತಾನಾಗಿ ಆರುವವರೆಗೆ ಓಡಲು ಬಿಡಿ. ಹಳಬರು ಮಾಡುತ್ತಿದ್ದುದೂ ಇದನ್ನೇ.

ಜೆಟ್ಟು ನಿರ್ಮಲವಾದ ಮೇಲೂ ಲಕ್ಷಣ ಹೋಗದಿದ್ದರೆ ಕಳ್ಳಗಾಳಿಯ ದಾರಿ ಹುಡುಕಬೇಕು. ಕಾರ್ಬ್ಯುರೇಟರು ಕೆಳಗಿನ ಪೆಟ್ಟಿಗೆಯ ಮೇಲೆ ಎರಡು ಉದ್ದನೆಯ ಬೋಲ್ಟುಗಳಿಂದ ಕೂತಿದೆ. ಅದನ್ನು ಪೈಲ್ವಾನನಂತೆ ಬಿಗಿಯುವವರಿಂದ ಅದರ ತಳ ವರ್ಷಗಳು ಕಳೆದಂತೆ ಬಾಳೆಯ ದೋಣಿಯಂತೆ ಬಾಗುತ್ತದೆ. ನಡುವೆ ಸಂದು ಬಿಡುತ್ತದೆ. ತಳವನ್ನು ಒಂದು ಗಾಜಿನ ಹಲಗೆಯ ಮೇಲಿಟ್ಟು ನೋಡಿದರೆ ಸಂದು ತಿಳಿಯುತ್ತದೆ. ಅಲ್ಪವಾದರೆ, ಗಾಜಿನ ಮೇಲೆ ನಯವಾದ ಎಮರಿ ಕಾಗದ ಹಾಸಿ ನಿಧಾನವಾಗಿ ಉಜ್ಜಿ ಸಮ ಮಾಡಬಹುದು. ಉಜ್ಜಿದ ಪುಡಿಯನ್ನು ಒಂದೂ ಕಣ ಉಳಿಯದಂತೆ ತೊಳೆಯಿರಿ. ಪ್ಯಾಕಿಂಗ್ ಕಾಗದ ಹೊಸದಾಗಿರಲಿ, ಹತ್ತು ರೂಪಾಯಿಯ ಮುಖ ನೋಡಬೇಡಿ. ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ.

ಆಯಿಲ್ ಸೀಲುಗಳು ಎರಡಿವೆ. ಕ್ಲಚ್ಚಿನ ಕಡೆಯದು ಸೋರಿದರೆ ಗೇರು ಪೆಟ್ಟಿಗೆಯ ಎಣ್ಣೆಯನ್ನು ಎಂಜಿನ್ನು ಕುಡಿಯುತ್ತದೆ. ಸೈಲೆನ್ಸರಿನಿಂದ ದಟ್ಟವಾದ ಬಿಳಿಯ ಹೊಗೆ ಬರುತ್ತದೆ, ಗೇರಿನ ಎಣ್ಣೆ ಇಳಿಯುತ್ತದೆ. ಇದು ಸಭ್ಯ ಕಳ್ಳ, ಸುಳಿವು ಕೊಟ್ಟು ಹೋಗುತ್ತಾನೆ. ಫ್ಲೈವೀಲಿನ ಕಡೆಯದು ಬರಿಯ ಗಾಳಿಯನ್ನೇ ಒಳಗೆ ಬಿಡುವುದರಿಂದ ಹೊಗೆಯಿಲ್ಲ, ಕಲೆಯಿಲ್ಲ. ಕೈಹಿಡಿ ಬಿಟ್ಟರೂ ವೇಗ ಇಳಿಯಲು ತಡಮಾಡುವುದು, ಮಿಶ್ರಣದ ಸ್ಕ್ರೂ ಎತ್ತ ತಿರುಗಿಸಿದರೂ ಎಂಜಿನ್ನು ಲಕ್ಷ್ಯಕೊಡದಿರುವುದು, ಇವೇ ಅದರ ಗುರುತು. ಈ ಗುರುತು ಕಂಡ ಗಾಡಿಯಲ್ಲಿ ಹೆದ್ದಾರಿಗೆ ಹೋಗಬೇಡಿ. ಗ್ಯಾರೇಜಿಗೆ ಹೋಗಿ ‘ಸೀಲು ನೋಡಿ’ ಎಂದು ಹೆಸರು ಹಿಡಿದು ಹೇಳಿರಿ. ‘ಸ್ಲೋ ಸರಿಮಾಡಿ’ ಎಂದಷ್ಟೇ ಹೇಳಿದರೆ ಅಲ್ಲಿಯ ಹುಡುಗನೂ ನಾನು ಮಾಡಿದ್ದನ್ನೇ ಮಾಡಿ ಕಳುಹಿಸಿಯಾನು.

ಕಡೆಗೆ ಸ್ಕ್ರೂಗಳ ಕೆಲಸ. ಮೂರು ನಾಲ್ಕು ಕಿಲೋಮೀಟರು ಓಡಿಸಿ ಎಂಜಿನ್ನು ಚೆನ್ನಾಗಿ ಬಿಸಿಯಾಗಲಿ. ಬಯಲಿನಲ್ಲಿ ನಿಲ್ಲಿಸಿ, ಮುಚ್ಚಿದ ಶೆಡ್ಡಿನಲ್ಲಿ ಓಡಿಸಿದರೆ ಅದರ ಹೊಗೆ ಪ್ರಾಣಕ್ಕೆ ಬರುತ್ತದೆ. ಎರಡು ಸ್ಕ್ರೂಗಳಿವೆಯಷ್ಟೆ. ಮೇಲಿನದು ಬಾಗಿಲನ್ನು ಎಷ್ಟು ತೆರೆದಿಡಬೇಕೆಂಬುದಕ್ಕೆ. ಪೆಟ್ಟಿಗೆಯ ಹಿಂಬದಿಯಲ್ಲಿ ರಬ್ಬರ್ ಬಿರಡೆಯ ಹಿಂದೆ ಅಡಗಿರುವುದು ಮಿಶ್ರಣಕ್ಕೆ. ಮಿಶ್ರಣದ ಸ್ಕ್ರೂವನ್ನು ಎಂಜಿನ್ನು ಆರಿಸಿ ಒಳಕ್ಕೆ ತಿರುಗಿಸಿ, ತಳ ಮುಟ್ಟಿದೊಡನೆ ಬಿಡಿ. ಅದುಮಿದರೆ ಮೊನೆ ಕೆಡುತ್ತದೆ. ಅಲ್ಲಿಂದ ಒಂದೂವರೆ ಸುತ್ತು ಹೊರಕ್ಕೆ ತನ್ನಿ. ಎಂಜಿನ್ನು ಹಚ್ಚಿ, ಮೇಲಿನ ಸ್ಕ್ರೂವಿನಿಂದ ವೇಗವನ್ನು ಕೊಂಚ ಏರಿಸಿಕೊಳ್ಳಿ. ಈಗ ಮಿಶ್ರಣದ ಸ್ಕ್ರೂವನ್ನು ಕಾಲು ಕಾಲು ಸುತ್ತು ಒಳಕ್ಕೆ ತಿರುಗಿಸಿ, ಪ್ರತಿಸಲವೂ ಎಂಜಿನ್ನಿಗೆ ಉತ್ತರ ಹೇಳಲು ಹತ್ತು ಸೆಕೆಂಡು ಅವಕಾಶ ಕೊಡಿ. ವೇಗ ಕುಸಿಯುವ ಜಾಗ ಸಿಗುತ್ತದೆ. ಮತ್ತೆ ಹೊರಕ್ಕೆ ಬನ್ನಿ. ಏರಿ, ಮತ್ತೆ ಕುಸಿಯುವ ಜಾಗ ಸಿಗುತ್ತದೆ. ಎರಡರ ನಡುವೆ ಎಲ್ಲಿ ಅತಿ ವೇಗವಾಗಿಯೂ ಸಮವಾಗಿಯೂ ಓಡಿತೋ ಅಲ್ಲಿ ನಿಲ್ಲಿಸಿ, ಅಲ್ಲಿಂದ ಅರ್ಧಪಾಲು ಕಾಲು ಸುತ್ತು ಹೊರಕ್ಕೆ, ಅಂದರೆ ದಪ್ಪದ ಕಡೆಗೆ, ಬಿಡಿ. ಆಮೇಲೆ ಮೇಲಿನ ಸ್ಕ್ರೂವಿನಿಂದ ವೇಗ ಇಳಿಸಿಕೊಳ್ಳಿ. ಈ ಕಾರ್ಬ್ಯುರೇಟರಿನಲ್ಲಿ ಸ್ಕ್ರೂ ಹೊರಕ್ಕೆ ಬಂದರೆ ಮಿಶ್ರಣ ದಪ್ಪ. ಸ್ಕ್ರೂ ಬರಿಯ ಗಾಳಿಯನ್ನು ತಡೆಯುವ ಬೇರೆ ಮಾದರಿಗಳಲ್ಲಿ ಇದು ತಿರುವುಮುರುವು. ಪಕ್ಕದ ಮನೆಯವರ ಸಲಹೆ ಕೇಳುವ ಮುಂಚೆ ಅವರದು ಯಾವ ಗಾಡಿಯೆಂದು ಕೇಳಿರಿ.

ಮಂಗಳೂರಿನಿಂದ ವರ್ಗವಾಗಿ ಬೆಂಗಳೂರಿಗೆ ಬಂದವರಿಗೆ ಒಂದು ಮಾತು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರ. ಇಲ್ಲಿಯ ಗಾಳಿ ಹತ್ತರಲ್ಲೊಂದು ಪಾಲಿನಷ್ಟು ತೆಳುವು. ಕಡಲತೀರದಲ್ಲಿ ಶ್ರುತಿಮಾಡಿದ ಗಾಡಿ ಇಲ್ಲಿ ಕೊಂಚ ದಪ್ಪ ಮಿಶ್ರಣ ಕುಡಿಯುತ್ತದೆ. ಕಾಲು ಸುತ್ತು ಒಳಕ್ಕೆ ಹೋದರೆ ಸರಿಹೋಗಬಹುದು. ಇಳಿದು ಹೋಗುವಾಗ ಅದನ್ನು ಮರಳಿ ಹೊರಕ್ಕೆ ತಿರುಗಿಸುವುದು ಹೆಚ್ಚು ಅಗತ್ಯ, ಏಕೆಂದರೆ ತೆಳುವಿನಿಂದಲೇ ಕೇಡು.

ಸ್ಲೋ ಎಷ್ಟಿರಬೇಕೆಂದು ತಿಳಿಯಲು ಮೀಟರು ಇಲ್ಲದವರಿಗೆ ನನ್ನ ಮಗಳು ಹೇಳುವ ಲೆಕ್ಕವಿದೆ. ಈಗ ಅವಳಿಗೆ ಇಪ್ಪತ್ತನಾಲ್ಕು; ಸ್ಕೂಟರಿನ ಹಿಂದಿನ ಸೀಟನ್ನು ಮತ್ತೆ ಹತ್ತಿದ್ದು ಮಾತ್ರವಲ್ಲ, ಮುಂದಿನ ಸೀಟನ್ನೂ ನನ್ನಿಂದ ಕಸಿದುಕೊಂಡಿದ್ದಾಳೆ. ಸಂಜೆಗತ್ತಲಲ್ಲಿ ಗಾಡಿಯನ್ನು ಗೋಡೆಯೆದುರು ನಿಲ್ಲಿಸಿ ಮುಂದಿನ ದೀಪ ಹಾಕುತ್ತಾಳೆ. ಆ ದೀಪ ಎಂಜಿನ್ನು ಓಡಿದಷ್ಟೇ ಉರಿಯುವಂಥದು. ಸ್ಲೋದಲ್ಲಿ ಅದು ಆರಿಹೋಗದೆ ಮಂದವಾಗಿ ಮಿಣುಗುತ್ತ, ಗೋಡೆಯ ಮೇಲಿನ ಬೆಳಕಿನ ಬಿಲ್ಲೆ ಅಷ್ಟಿಷ್ಟು ಅಲ್ಲಾಡುತ್ತಿದ್ದರೆ ಸರಿ. ತಟಕ್ಕನೆ ಕತ್ತಲಾದರೆ ಮೇಲಿನ ಸ್ಕ್ರೂ ಒಂದು ಕೂದಲೆಳೆ ಒಳಕ್ಕೆ. ಆಮೇಲೆ ರಬ್ಬರ್ ಬಿರಡೆಯನ್ನು ಮರೆಯದೆ ಒತ್ತಿ, ಡೊಪ್ಪೆ ಹಾಕಿ, ನಲ್ಲಿ ಮುಚ್ಚಿ, ಊಟಕ್ಕೆ ಕೂಡುವ ಮೊದಲು ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದುಕೊಳ್ಳುತ್ತಾಳೆ.